ರಘುನಾಥರ ಒಂಬತ್ತು

ರಘುನಾಥರು ನಡೆಯುವಾಗ ಮಾತಾಡುವುದಿಲ್ಲ, ಮಾತಾಡುವಾಗ ನಡೆಯುವುದಿಲ್ಲ. ಎಪ್ಪತ್ತಾರು ವರ್ಷದ, ಎತ್ತರದ, ತುಸು ಬಾಗಿದ ಈ ಮನುಷ್ಯ ವಾಷಿಂಗ್ಟನ್ ಪಕ್ಕದ ಸ್ಟರ್ಲಿಂಗ್‌ನ ಸೈಕಲ್ ಹಾದಿಯ ಮೇಲೆ ದಾಪುಗಾಲು ಹಾಕುತ್ತ ಬರುತ್ತಿರುವಾಗ ನೀವು ಎದುರಾಗಿ ಏನಾದರೂ ಕೇಳಿದಿರೋ, ಮುಗಿಯಿತು: ಎತ್ತಿದ ಕಾಲನ್ನು ಕೆಳಗಿಟ್ಟು, ಎರಡೂ ಕೈಗಳನ್ನು ಕೋಟಿನ ಜೇಬಿಗೆ ಸೇರಿಸಿ, ಹಾದಿಯ ನಟ್ಟನಡುವೆ ನಿಂತು, ಹಿಂದಿನಿಂದ ಬರುವ ಸೈಕಲ್ಲುಗಳ ಗಂಟೆಗೆ ಕಿವಿಗೊಡದೆ, ಉತ್ತರವನ್ನು ಮೊದಲಿನಿಂದ ಕೊನೆಯವರೆಗೆ ಹೇಳಿ ಮುಗಿಸಿ, ಆಮೇಲೆ ಮತ್ತೆ ಹೊರಡುತ್ತಾರೆ. ಅವರ ಜೊತೆ ಒಂದು ಮೈಲಿ ನಡೆಯಲು ಒಂದು ಗಂಟೆ ಇಟ್ಟುಕೊಂಡಿರಬೇಕು. ಇದಕ್ಕೆ ಇರುವ ಒಂದೇ ಅಪವಾದವೆಂದರೆ ವಾಷಿಂಗ್ಟನ್ ಮೆಟ್ರೋದ ಉದ್ದುದ್ದ ಎಸ್ಕಲೇಟರ್. ಅಲ್ಲಿ ಅವರು ನಿಂತೇ ಮುಂದೆ ಹೋಗಬಹುದಾದ್ದರಿಂದ ತಮ್ಮ ಜೀವನದ ಮುಖ್ಯ ಸಂಭಾಷಣೆಗಳನ್ನೆಲ್ಲ ಎಸ್ಕಲೇಟರ್ ಮೇಲೆಯೇ ನಡೆಸಿದ್ದಾರೆಂದು ಅವರ ಹೆಂಡತಿ ಊರ್ಮಿಳಾ ಚುಡಾಯಿಸುವುದುಂಟು. ಯಾಕೆ ಹೀಗೆ ಎಂದು ಒಮ್ಮೆ ನಾನು ಕೇಳಿದೆ. ಅವರು ನಿಂತರು. ನಡೆಯುವಾಗ ತಾವು ಹೆಜ್ಜೆ ಎಣಿಸುತ್ತಿರುವುದಾಗಿಯೂ, ಮಾತಿನ ನಡುವೆ ಎಣಿಕೆ ತಪ್ಪಿದರೆ ಆ ದಿನವೆಲ್ಲ ಮನಸ್ಸು ಕಸಿವಿಸಿಯಾಗುವುದಾಗಿಯೂ ತಿಳಿಸಿ, ಮುಂದಕ್ಕೆ ಹೊರಟರು.

ಎಣಿಕೆ ಅವರ ಉದ್ಯೋಗವೂ ಹೌದು, ಉಸಿರೂ ಹೌದು. ಯಾರು ಏನೇ ಹೇಳಲಿ, ಅವರ ಬಾಯಿಂದ ಬರುವ ಮೊದಲ ಮಾತು "ಎಣಿಸಿದ್ದೀರಾ?" ಈ ಸಲ ಚಳಿ ಜಾಸ್ತಿ ಎಂದರೆ, ಎಣಿಸಿದ್ದೀರಾ? ಕನ್ನಡ ಸಂಘದ ಊಟಕ್ಕೆ ಜನ ಕಡಿಮೆಯಾಗುತ್ತಿದ್ದಾರೆ ಎಂದರೆ, ಎಣಿಸಿದ್ದೀರಾ? ಆ ಪ್ರಶ್ನೆಯಲ್ಲಿ ವ್ಯಂಗ್ಯ ಇರುವುದಿಲ್ಲ. ಎಣಿಸಿದ್ದೇನೆ ಎಂದು ಯಾರಾದರೂ ಹೇಳಿಯಾರು ಎಂಬ ನಿಷ್ಕಪಟವಾದ ಆಸೆ ಇರುತ್ತದೆ. ನಲವತ್ತು ವರ್ಷಗಳ ಒಡನಾಟದಲ್ಲಿ ನಾನು ಒಮ್ಮೆಯೂ ಆ ಆಸೆಯನ್ನು ಪೂರೈಸಲಿಲ್ಲ.

ಅವರು ಕೆಲಸ ಮಾಡಿದ್ದು ವಾಷಿಂಗ್ಟನ್ನಿನ ಒಂದು ಕೇಂದ್ರ ಇಲಾಖೆಯಲ್ಲಿ. ಮೊಟ್ಟೆಯಿಂದ ಮನೆಬಾಡಿಗೆಯವರೆಗೆ ದೇಶದಲ್ಲಿ ಯಾವುದರ ಬೆಲೆ ಎಷ್ಟು ಏರಿತೆಂದು ತಿಂಗಳು ತಿಂಗಳೂ ಲೆಕ್ಕ ಹಾಕುವ ಕಚೇರಿ ಅದು. ಪ್ರಕಟವಾಗುವ ಗಳಿಗೆಯ ತನಕ ಅಂಕಿಗಳನ್ನು ಬೀಗ ಹಾಕಿ ಕಾಯಬೇಕು. ಉಳಿದವರು ಕಡತಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರೆ ರಘುನಾಥರು ತಮ್ಮ ಕರಡುಗಳಿಗೆ ಬೇರೊಂದು ಬೀಗ ಹಾಕುತ್ತಿದ್ದರು: ಅವನ್ನೆಲ್ಲ ಕನ್ನಡ ಅಂಕಿಗಳಲ್ಲಿ ಬರೆಯುತ್ತಿದ್ದರು. ಕೃಷ್ಣರಾಜನಗರದ ಮುನಿಸಿಪಲ್ ಶಾಲೆಯಲ್ಲಿ ಸ್ಲೇಟಿನ ಮೇಲೆ ಕಲಿತ ೧, ೨, ೩ ಅವರ ಕೈ ಬಿಟ್ಟು ಎಂದೂ ಹೋಗಲಿಲ್ಲ. ಬೇರೆ ಅಂಕಿಯಲ್ಲಿ ಕೂಡಿದರೆ ಮೊತ್ತವನ್ನು ತಮಗೇ ನಂಬುವುದಕ್ಕಾಗುವುದಿಲ್ಲ ಎನ್ನುತ್ತಿದ್ದರು. ಕಚೇರಿಯಲ್ಲಿ ಅದಕ್ಕೆ 'ರಘುವಿನ ಗುಪ್ತಲಿಪಿ' ಎಂದು ಹೆಸರು ಬಿದ್ದಿತ್ತು. ಮೂವತ್ತಾರು ವರ್ಷ ಅವರು ಎಣಿಸಿದ ಅಂಕಿಗಳು ಪತ್ರಿಕೆಗಳ ಮುಖಪುಟದಲ್ಲಿ ಬಂದವು, ಮಾರುಕಟ್ಟೆಗಳನ್ನು ಏರಿಳಿಸಿದವು. ಅವರ ಹೆಸರು ಮಾತ್ರ ಯಾವ ವರದಿಯ ಮೇಲೂ ಬರಲಿಲ್ಲ. ಅದು ಆ ಕಚೇರಿಯ ಪದ್ಧತಿ. ಅದನ್ನು ಅವರು ದೂರಿದ್ದನ್ನು ನಾನು ಕೇಳಿಲ್ಲ, ಹಾಗೆಂದು ಅವರಿಗೆ ಅನ್ನಿಸಿಯೇ ಇರಲಿಲ್ಲವೆಂದು ಹೇಳಲಾರೆ.

ಕೋಟಿನ ಮಾತು ಹೇಳದಿದ್ದರೆ ಚಿತ್ರ ಪೂರ್ತಿಯಾಗದು. ಮೊದಲ ಸಂಬಳದಲ್ಲಿ ಕೊಂಡ ಕಂದು ಬಣ್ಣದ ಆ ಕೋಟಿನ ಬಲಗಡೆಯ ಜೇಬು ಎಡಗಡೆಯದಕ್ಕಿಂತ ಎರಡು ಅಂಗುಲ ಜೋತುಬಿದ್ದಿದೆ. ಅಲ್ಲಿ ಸದಾಕಾಲ ಒಂದು ನೋಟ್‌ಬುಕ್ ಮತ್ತು ಮೂರು ಪೆನ್ಸಿಲ್. ಬೇಸ್‌ಬಾಲ್ ಮೈದಾನದಲ್ಲಿ ಜುಲೈ ತಿಂಗಳ ಬೆವರಿಳಿಯುವ ಮಧ್ಯಾಹ್ನ, ನಲವತ್ತು ಸಾವಿರ ಕೆಂಪು ಅಂಗಿಗಳ ನಡುವೆ ಒಂದು ಕಂದು ಕೋಟು ಕಂಡರೆ ಅದು ನಮ್ಮ ರಘುನಾಥರು ಎಂದು ತಿಳಿಯಬೇಕು. ಬೇರೆಯವರು ಎದ್ದು ಕೂಗುವಾಗ ಅವರು ತಲೆ ತಗ್ಗಿಸಿ ಬರೆಯುತ್ತಿರುತ್ತಾರೆ.

ಈ ಆಟದ ಹುಚ್ಚು ಅವರಿಗೆ ಹತ್ತಿದ ರೀತಿಯೇ ವಿಚಿತ್ರ. ಓದಲೆಂದು ಅವರು ವಾಷಿಂಗ್ಟನ್ನಿಗೆ ಬಂದಿಳಿದದ್ದು ೧೯೭೧ರ ಬೇಸಿಗೆಯಲ್ಲಿ. ಆ ವರ್ಷವೇ ಆ ಊರಿನ ತಂಡ ಹಣ ಸಾಲದೆ ಗಂಟುಮೂಟೆ ಕಟ್ಟಿ ಟೆಕ್ಸಾಸಿಗೆ ಹೊರಟಿತ್ತು. ಸೆಪ್ಟೆಂಬರ್ ಕೊನೆಯ ದಿನದ ಕೊನೆಯ ಪಂದ್ಯಕ್ಕೆ ಯಾರೋ ಸಹಪಾಠಿ ಕರೆದುಕೊಂಡು ಹೋದ. ವಾಷಿಂಗ್ಟನ್ ಗೆಲ್ಲುವುದರಲ್ಲಿತ್ತು, ಇನ್ನೊಬ್ಬನನ್ನು ಔಟ್ ಮಾಡಿದರೆ ಮುಗಿಯುತ್ತಿತ್ತು. ಅಷ್ಟರಲ್ಲಿ, ತಂಡವನ್ನು ಕಳೆದುಕೊಳ್ಳಲಿದ್ದ ಜನ ದುಃಖಕ್ಕೋ ಸಿಟ್ಟಿಗೋ ಮೈದಾನಕ್ಕೆ ನುಗ್ಗಿ ಹುಲ್ಲು, ಮಣ್ಣು, ಸಿಕ್ಕಿದ್ದನ್ನೆಲ್ಲ ಕಿತ್ತುಕೊಂಡು ಹೋದರು. ಆಟ ನಿಂತಿತು, ಗೆಲ್ಲುತ್ತಿದ್ದ ತಂಡ ಸೋತಿತೆಂದು ಅಂಪೈರ್ ಸಾರಿದ. ಹಾಗೆ ಕೈಬಿಟ್ಟ ಪಂದ್ಯವನ್ನು ದಾಖಲೆಯಲ್ಲಿ ಒಂಬತ್ತು–ಸೊನ್ನೆ ಎಂದು ಬರೆಯಬೇಕೆಂಬುದು ಆ ಆಟದ ನಿಯಮ. ಇಪ್ಪತ್ತನಾಲ್ಕರ ತರುಣ ರಘುನಾಥ, ನಿಯಮ ಗೊತ್ತಿಲ್ಲದಿದ್ದರೂ ಪಕ್ಕದವನನ್ನು ಕೇಳಿ ತಿಳಿದು, ಹೊಸ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದ: ೯–೦. ಅದಾದ ಮೇಲೆ ಮೂವತ್ತಮೂರು ವರ್ಷ ಆ ಊರಿಗೆ ತಂಡವಿರಲಿಲ್ಲ. ಇವರು ಮಾತ್ರ ರೇಡಿಯೋ ಕೇಳಿ, ಪತ್ರಿಕೆ ನೋಡಿ, ಪರವೂರುಗಳ ತಂಡಗಳ ಲೆಕ್ಕ ಬರೆಯುವುದನ್ನು ಬಿಡಲಿಲ್ಲ. ೨೦೦೫ರಲ್ಲಿ ವಾಷಿಂಗ್ಟನ್ನಿಗೆ ಮತ್ತೆ ತಂಡ ಬಂದು, ೨೦೧೯ರಲ್ಲಿ ಅದು ಕಪ್ ಎತ್ತಿ ಲೋಕವನ್ನೇ ಗೆದ್ದಾಗ ಇಡೀ ಊರು ಕುಣಿಯಿತು. ರಘುನಾಥರು ಅತ್ತರು. ನಾನು ಕಣ್ಣಾರೆ ನೋಡಿದ್ದೇನೆ, ಅಳುತ್ತಲೇ ಬರೆದುಕೊಳ್ಳುತ್ತಿದ್ದರು.

ಇನ್ನು ತೆರಿಗೆಯ ವಿಷಯ. ಈ ಆಟದಲ್ಲಿ ಒಂದು ತಂಡ ತನ್ನ ಆಟಗಾರರಿಗೆಲ್ಲ ಸೇರಿ ಎಷ್ಟು ಸಂಬಳ ಕೊಡಬಹುದೆಂಬುದಕ್ಕೆ ಗೋಡೆಯಿಲ್ಲ, ಒಂದು ಗೆರೆಯಿದೆ. ಗೆರೆ ದಾಟಿದ ತಂಡ ದಾಟಿದಷ್ಟಕ್ಕೆ ತೆರಿಗೆ ಕಟ್ಟಬೇಕು. ವರ್ಷವರ್ಷವೂ ದಾಟುತ್ತಿದ್ದರೆ ದರ ಏರುತ್ತದೆ. ಶ್ರೀಮಂತ ತಂಡಗಳು ಒಳ್ಳೆಯ ಆಟಗಾರರನ್ನೆಲ್ಲ ಬಾಚಿಕೊಳ್ಳದಿರಲಿ, ಬಡ ಊರಿನ ತಂಡಕ್ಕೂ ಗೆಲ್ಲುವ ಆಸೆ ಉಳಿಯಲಿ ಎಂಬುದು ಉದ್ದೇಶ. ೨೦೨೧ರ ಜೂನ್‌ನಲ್ಲಿ, ಕೋವಿಡ್ ಲಸಿಕೆ ಹಾಕಿಸಿಕೊಂಡು ಜನ ಮತ್ತೆ ಮನೆಯಿಂದ ಹೊರಗೆ ಬರುತ್ತಿದ್ದ ಕಾಲ, ದಕ್ಷಿಣಕ್ಕೆ ಬಹುದೂರದ ಫೋರ್ಟ್ ಮಿಲ್‌ನ ಸ್ನೇಹಿತರ ಗೃಹಪ್ರವೇಶಕ್ಕೆ ನಾವೆಲ್ಲ ಹೋಗಿದ್ದೆವು. ಎಲೆ ಹಾಕಿ, ಕೋಸಂಬರಿ ಬಡಿಸಿ ಆಗಿತ್ತು. ಮನೆಯ ಯಜಮಾನ ವೇಣುಗೋಪಾಲ ಮಾತಿಗೆ ಮಾತು ಬಂದು, ಆ ತೆರಿಗೆ ಎಲ್ಲ ಬರೀ ನಾಟಕ, ಯಾವತ್ತಿದ್ದರೂ ದುಡ್ಡಿದ್ದೋರೇ ಗೆಲ್ಲೋದು ಎಂದುಬಿಟ್ಟ. ರಘುನಾಥರು ಎಲೆಯ ಮುಂದೆ ಕೂರಲು ಹೊರಟವರು ಹಾಗೆಯೇ ನಿಂತರು. ಎಣಿಸಿದ್ದೀರಾ ಎಂದು ಕೇಳಿದರು. ವೇಣುಗೋಪಾಲ ನಕ್ಕು, ನೀವೇ ಎಣಿಸಿ ಹೇಳಿ ಅಂಕಲ್ ಎಂದ. ಅವನು ಅದನ್ನು ಮರುಗಳಿಗೆ ಮರೆತ. ಇವರು ಅಲ್ಲಿಂದ ಮನೆಗೆ ಬರುವ ಏಳು ಗಂಟೆಯ ದಾರಿಯುದ್ದಕ್ಕೂ ಕಾರಿನಲ್ಲಿ ತುಟಿ ಬಿಚ್ಚಲಿಲ್ಲ. ಹೇಗೆ ಎಣಿಸುವುದೆಂದು ಯೋಚಿಸುತ್ತಿದ್ದರು.

ಯಾವ ತಂಡ ಕಪ್ ಗೆದ್ದಿತೆಂದು ನೋಡುವುದು ಅವರಿಗೆ ಒಪ್ಪಿಗೆಯಾಗಲಿಲ್ಲ. ಗೆಲ್ಲುವವರು ಯಾವಾಗಲೂ ಒಬ್ಬರೇ, ಅದರಿಂದ ನ್ಯಾಯ ಅಳೆಯಲಾಗದು. ಅವರು ಬೇರೊಂದು ಅಳತೆ ಹಿಡಿದರು. ಪ್ರತಿ ವರ್ಷ ಸೆಪ್ಟೆಂಬರ್ ಒಂದನೆಯ ತಾರೀಖು, ಲೀಗ್ ಪಂದ್ಯಗಳು ಮುಗಿಯಲು ಇನ್ನೊಂದೇ ತಿಂಗಳಿರುವಾಗ, ಹಣವಂತ ಹತ್ತು ತಂಡಗಳನ್ನು ಬದಿಗಿಟ್ಟರೆ ಉಳಿದವುಗಳಲ್ಲಿ ಎಷ್ಟಕ್ಕೆ ಇನ್ನೂ ಕಪ್ಪಿಗಾಗಿ ಆಡುವ ಪ್ಲೇಆಫ್ ಸುತ್ತು ತಲುಪುವ ಆಸೆ ಇದೆ? ಐವತ್ತು ವರ್ಷಗಳ ನೋಟ್‌ಬುಕ್ಕುಗಳಲ್ಲಿ ಎಲ್ಲ ಇತ್ತು, ಯಾಕೆಂದರೆ ಸೆಪ್ಟೆಂಬರ್ ಒಂದರಂದು 'ಆಸೆ' ಎಂದು ಬರೆದು ಪಕ್ಕದಲ್ಲಿ ಅಂಥ ತಂಡಗಳ ಅಂಕಿ ಹಾಕುವುದು ಮೊದಲಿನಿಂದಲೂ ಅವರ ಅಭ್ಯಾಸ. ಈಗಿನ ತೆರಿಗೆ ೨೦೦೩ರಲ್ಲಿ ಬಂತು. ಅದರ ಹಿಂದಿನ ಇಪ್ಪತ್ತು ವರ್ಷ, ಮುಂದಿನ ಇಪ್ಪತ್ತು ವರ್ಷ. ಮುಷ್ಕರದಿಂದ ಸೆಪ್ಟೆಂಬರಿನಲ್ಲಿ ಆಟವೇ ಇಲ್ಲದಿದ್ದ ಒಂದು ವರ್ಷವನ್ನು ಬಿಟ್ಟು, ನಡುವೆ ತಂಡಗಳು ಹೆಚ್ಚಾದದ್ದಕ್ಕೆ ಸರಿದೂಗಿಸಿ, ಊಟದ ಮೇಜಿನ ಮೇಲೆ ನೋಟ್‌ಬುಕ್ ಹರಡಿ ಕೂತರು. ಎರಡೂವರೆ ವರ್ಷ ಆ ಮೇಜಿನ ಮೇಲೆ ಯಾರೂ ಊಟ ಮಾಡಲಿಲ್ಲ. ಊರ್ಮಿಳಾ ಅಡುಗೆಮನೆಯ ಕಟ್ಟೆಯ ಮೇಲೆ ತಟ್ಟೆ ಇಡುತ್ತ, ದಂಡ, ಶುದ್ಧ ದಂಡ ಎನ್ನುವರು. ಅದು ದಂಡವಲ್ಲ, ತೆರಿಗೆ ಎಂದು ಇವರು ತಲೆಯೆತ್ತದೆ ತಿದ್ದುವರು. ಒಬ್ಬರು ಹೇಳಿದ್ದು ಕೆಲಸಕ್ಕೆ ಬಾರದ್ದು ಎಂಬ ಅರ್ಥದಲ್ಲಿ, ಇನ್ನೊಬ್ಬರು ತಿದ್ದಿದ್ದು ಜುಲ್ಮಾನೆ ಎಂಬ ಅರ್ಥದಲ್ಲಿ. ಐವತ್ತು ವರ್ಷದ ದಾಂಪತ್ಯ ಇಂಥ ತಿಳಿವಳಿಕೆಯ ಮೇಲೆಯೇ ನಿಂತಿರುತ್ತದೆ.

ಲೆಕ್ಕ ಮುಗಿದಾಗ ಉತ್ತರ ಸೊಗಸಾಗಿತ್ತು. ತೆರಿಗೆ ಬಂದ ಮೇಲೆ ಆಸೆ ಹೆಚ್ಚಿತ್ತು, ಅದೂ ಕಣ್ಣಿಗೆ ಹೊಡೆಯುವಷ್ಟು. ಬೇಸ್‌ಬಾಲ್ ಚರಿತ್ರೆಯಲ್ಲಿ ಆಸಕ್ತಿಯಿರುವ ಜನರ ಒಂದು ಬಳಗ ವಾಷಿಂಗ್ಟನ್ನಿನಲ್ಲಿದೆ. ಪ್ರತಿ ಜನವರಿ ಡೌನ್‌ಟೌನ್‌ನ ಲೈಬ್ರರಿಯಲ್ಲಿ ಸೇರುತ್ತದೆ. ರಘುನಾಥರು ಕಳಿಸಿದ ಬರಹವನ್ನು ಅವರು ೨೦೨೪ರ ಸಭೆಗೆ ಆರಿಸಿದರು. ಛಾಪಿಸಿದ ಕಾರ್ಯಕ್ರಮ ಪಟ್ಟಿ ಬಂತು. 'ತೆರಿಗೆ ಆಟವನ್ನು ಉಳಿಸಿತು' ಎಂಬರ್ಥದ ತಲೆಬರಹ, ಅದರ ಕೆಳಗೆ ಒಂದೇ ಒಂದು ಹೆಸರು. ಜೀವಮಾನವಿಡೀ ಎಣಿಸಿದ ಮನುಷ್ಯನ ಹೆಸರು ಅವನ ಎಣಿಕೆಯ ಕೆಳಗೆ ಮೊದಲ ಬಾರಿಗೆ ಅಚ್ಚಾಗಿತ್ತು. ದಂಡ ಎನ್ನುತ್ತಿದ್ದ ಊರ್ಮಿಳಾ ಅದನ್ನು ಫ್ರಿಜ್ ಬಾಗಿಲಿಗೆ ಅಯಸ್ಕಾಂತದಿಂದ ಅಂಟಿಸಿ, ಮನೆಗೆ ಬಂದವರಿಗೆಲ್ಲ ಕಾಫಿ ಕೊಡುವ ನೆಪದಲ್ಲಿ ಫ್ರಿಜ್ಜಿನ ಮುಂದೆಯೇ ನಿಲ್ಲಿಸುತ್ತಿದ್ದರು. ನಾನು ಆ ತಿಂಗಳು ನಾಲ್ಕು ಸಲ ಕಾಫಿ ಕುಡಿದೆ.

ಆ ಕಾರ್ಯಕ್ರಮಕ್ಕೆ ಅಂಕಿಗಳನ್ನು ಕಂಪ್ಯೂಟರಿಗೆ ಏರಿಸಿಕೊಡಲು ಬಂದವಳು ನೀಲಗಂಗಾ. ಸ್ಟರ್ಲಿಂಗ್‌ನ ಡೇಟಾ ಸೆಂಟರೊಂದರಲ್ಲಿ ಕೆಲಸ ಮಾಡುವ, ವೀಸಾದ ಕಾಗದಗಳಿಗಾಗಿ ಸದಾ ಕಾಯುತ್ತಿರುವ, ಮೂವತ್ತೆರಡರ ಹುಬ್ಬಳ್ಳಿ ಹುಡುಗಿ. ನಮ್ಮ ಬೆಂಗಳೂರು–ಮೈಸೂರಿನ ಜಾಣ ಜಾಣೆಯರಲ್ಲಿ ಕನ್ನಡ ಅಕ್ಷರ ಬಲ್ಲವರುಂಟು. ಕನ್ನಡ ಅಂಕಿ ಎಂದರೆ ಬೆರಳು ಮಡಿಚುತ್ತ ಕೂರುತ್ತಾರೆ. ನೀಲಗಂಗಾ ಮಾತ್ರ ಅವನ್ನು ಸುದ್ದಿ ಓದಿದಂತೆ ಓದುತ್ತಿದ್ದಳು. ಅವಳ ತಂದೆ ಕಲ್ಮೇಶ್ ಹುಬ್ಬಳ್ಳಿಯ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದವರು; ದಿನಾ ಸಂಜೆ ಶಾಲೆ ಬಿಟ್ಟ ಮೇಲೆ ಅವಳು ಅವರ ಮೇಜಿನ ಪಕ್ಕ ಕೂತು, ಬಸ್ಸುಗಳ ಹಣೆಯ ಮೇಲಿನ ಕನ್ನಡ ನಂಬರನ್ನು ದೂರದಿಂದಲೇ ಕೂಗಿ ಹೇಳುವುದು, ಅವರು ಬರೆದುಕೊಳ್ಳುವುದು. ೬ ಮತ್ತು ೯ ಒಂದೇ ಮನೆಯ ಅಕ್ಕತಂಗಿಯರ ಹಾಗಿರುತ್ತವೆ, ಬಾಲ ಎಲ್ಲಿಗೆ ಹೋಗುತ್ತದೆಂದು ನೋಡಬೇಕು ಎಂದು ಅಪ್ಪ ಹೇಳಿಕೊಟ್ಟಿದ್ದರಂತೆ. ರಘುನಾಥರು ಬರೆದು ಸಿದ್ಧಪಡಿಸಿದ ಪಟ್ಟಿಯನ್ನು ನೋಡಿ ಟೈಪ್ ಮಾಡಿದ್ದರೆ ಒಂದೇ ದಿನದ ಕೆಲಸ. ಅವಳು ಮೂಲ ನೋಟ್‌ಬುಕ್ಕುಗಳನ್ನೇ ತೆಗೆದು ಕೂತಳು. ಆರು ಶನಿವಾರ ಬಂದಳು.

ಏಳನೆಯ ಶನಿವಾರ ಬೆಳಿಗ್ಗೆ, ಸಭೆಗೆ ಹದಿನಾಲ್ಕು ದಿನ ಇರುವಾಗ, ಅವಳು ೧೯೮೪ರ ನೋಟ್‌ಬುಕ್ಕನ್ನು ಅವರ ಮುಂದೆ ತಿರುಗಿಸಿಟ್ಟಳು.

"ಅಂಕಲ್, ಇದು ಆರು ಅಲ್ರಿ. ಒಂಬತ್ತು ಐತ್ರಿ."

ರಘುನಾಥರು ಕನ್ನಡಕ ಮೇಲೇರಿಸಿ ನೋಡಿ, ಆರೇ ಎಂದರು. ಮತ್ತೆ ಅಭ್ಯಾಸಬಲದಿಂದ, "ಎಣಿಸಿದ್ಯಾ?" ಎಂದು ಕೇಳಿದರು.

"ಎಣಿಸೇನ್ರಿ. ಎರಡು ಸಲ. ಏಳು ವರ್ಷದಾಗ ಹಿಂಗ ಆಗೈತಿ."

ಐವತ್ತು ವರ್ಷ ಕಾದಿದ್ದ ಉತ್ತರ ಕೊನೆಗೂ ಬಂದಿತ್ತು. ಬಂದ ಹೊತ್ತು ಮಾತ್ರ ಎಂಥದು ನೋಡಿ. ಅವಳು ಎಲ್ಲಕ್ಕಿಂತ ಹಳೆಯ ನೋಟ್‌ಬುಕ್ ತೆಗೆದು ಮೊದಲ ಪುಟ ತೋರಿಸಿದಳು. ೧೯೭೧, ಸೆಪ್ಟೆಂಬರ್ ೩೦. ಅಲ್ಲಿ ಇದ್ದದ್ದು ಒಂಬತ್ತು–ಸೊನ್ನೆ ಎಂಬುದರಲ್ಲಿ ಅನುಮಾನವೇ ಇರಲಿಲ್ಲ; ನಿಯಮವೇ ಹಾಗೆ. ಆದರೆ ಆ ಒಂಬತ್ತರ ಬಾಲ ಪೂರ್ತಿ ಎಳೆದಿರಲಿಲ್ಲ. ಅವಸರದ ಎಳೆಗೈ ಅದನ್ನು ಅರ್ಧಕ್ಕೇ ಬಿಟ್ಟಿತ್ತು, ಯಾರು ನೋಡಿದರೂ ಆರು ಎನ್ನಬೇಕು. ೧೯೮೪ರಲ್ಲಿ ಇದ್ದದ್ದೂ ಅದೇ ಆಕಾರ. ವಯಸ್ಸಾದಂತೆ ಕೈ ನಿಧಾನವಾಗಿ, ಒಂಬತ್ತರ ಬಾಲ ಉದ್ದವಾಗಿ, ತಾವು ತರುಣರಾಗಿದ್ದಾಗ ಹೇಗೆ ಬರೆಯುತ್ತಿದ್ದೆವೆಂಬುದನ್ನೇ ರಘುನಾಥರು ಮರೆತಿದ್ದರು. ಪಟ್ಟಿ ಮಾಡುವಾಗ ತಮ್ಮದೇ ಒಂಬತ್ತುಗಳನ್ನು ಆರೆಂದು ಓದಿ, ತೆರಿಗೆಗೆ ಮೊದಲಿನ ವರ್ಷಗಳಲ್ಲಿ ಆಸೆ ಕಡಿಮೆಯಿತ್ತೆಂದು ಲೆಕ್ಕ ಹಾಕಿದ್ದರು. ಏಳು ಬಾಲಗಳನ್ನು ಸರಿಮಾಡಿದರೆ ಹಿಂದಕ್ಕೂ ಮುಂದಕ್ಕೂ ವ್ಯತ್ಯಾಸವೇ ಉಳಿಯುತ್ತಿರಲಿಲ್ಲ. ತೆರಿಗೆ ಏನನ್ನೂ ಉಳಿಸಿರಲಿಲ್ಲ. ಅವರು ಭೂತಗನ್ನಡಿ ತಂದು, ಆ ಪುಟದ ಮೇಲೆ ಹಿಡಿದು ನೋಡಿ, ಇದು ನನ್ನ ಒಂಬತ್ತೇ ಎಂದರು. ಆಮೇಲೆ ಕೋಟು ಹಾಕಿಕೊಂಡು ಹೊರಗೆ ಹೊರಟುಹೋದರು.

ಎರಡು ದಿನ ಅವರು ಬರೀ ನಡೆದರು. ಎದುರಾದವರಿಗೆ ಉತ್ತರ ಕೊಡಲೂ ನಿಲ್ಲಲಿಲ್ಲ. ನನ್ನ ಪಕ್ಕದಲ್ಲೇ ಹಾದುಹೋದರು. ಫ್ರಿಜ್ಜಿನ ಮೇಲಿನ ಕಾಗದವನ್ನು ಊರ್ಮಿಳಾ ತೆಗೆಯಲೂ ಆರದೆ, ಬಿಡಲೂ ಆರದೆ, ಕಾಫಿಗೆ ಬಂದವರನ್ನು ಹೊರಕೋಣೆಯ ಸೋಫಾದಲ್ಲೇ ಕೂರಿಸಿದರು. ನೀಲಗಂಗಾ ನನಗೆ ಫೋನು ಮಾಡಿ, ಹೇಳಬಾರದಿತ್ತೇನೋ ಎಂದಳು. ನಿಜ ಹೇಳುತ್ತೇನೆ: ಅವಳು ಸುಮ್ಮನಿದ್ದಿದ್ದರೆ ಚೆನ್ನಾಗಿತ್ತೆಂದು ನನಗೆ ಅನ್ನಿಸಿತ್ತು, ಆಮೇಲೆ ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯಾಯಿತು.

ಮೂರನೆಯ ದಿನ ಅಟ್ಲಾಂಟಾದಿಂದ ಮಗ ಮಯೂರನ ಫೋನು ಬಂತು. ಈ ದೇಶದಲ್ಲಿಯೇ ಹುಟ್ಟಿ ಬೆಳೆದವನು. ಕನ್ನಡ ಮಾತು ಬರುತ್ತದೆ, ಓದು ಬರುವುದಿಲ್ಲ. ೨೦೨೧ರಲ್ಲಿ ಅಟ್ಲಾಂಟಾ ಕಪ್ ಗೆದ್ದಾಗ ಅಪ್ಪನ ತೆರಿಗೆಯ ಲೆಕ್ಕಕ್ಕೆ ಅದೇ ಸಾಕ್ಷಿ ಎಂದು ಕುಣಿದಾಡಿದವನು. ತಾಯಿಯಿಂದ ವಿಷಯ ತಿಳಿದು ಅವನಿಗೆ ಕರುಳು ಚುರುಕ್ಕೆಂದಿರಬೇಕು. ಸ್ಪೀಕರಿನಲ್ಲಿ ಅವನು ಹೇಳಿದ್ದನ್ನು ಊರ್ಮಿಳಾ ನನಗೆ ಹಾಗೆಯೇ ಹೇಳಿದ್ದಾರೆ.

"ಅಪ್ಪಾ, ಆ ನೋಟ್‌ಬುಕ್ ಯಾರಿಗೂ ಓದೋಕೆ ಬರಲ್ಲ. ನೋಬಡಿ ವಿಲ್ ಎವರ್ ಚೆಕ್. ಸುಮ್ನೆ ಪ್ರೆಸೆಂಟ್ ಮಾಡು."

ಅದು ಸುಳ್ಳಲ್ಲ. ಆ ಬೀಗಕ್ಕೆ ಎರಡೇ ಕೀಲಿಕೈ. ಒಂದು ಅವರಲ್ಲಿ, ಇನ್ನೊಂದು ಬಾಯಿ ಬಿಡದ ಹುಡುಗಿಯಲ್ಲಿ. ರಘುನಾಥರು ಅಡುಗೆಮನೆಯ ಕಟ್ಟೆಗೆ ಒರಗಿ ನಿಂತರು.

"ನನಗೆ ಓದೋಕೆ ಬರತ್ತಲ್ಲೋ, ಮಯೂರ" ಎಂದರು.

ಅಂದು ಸಂಜೆಯೇ ನೀಲಗಂಗಾಳನ್ನು ಕರೆಸಿದರು. ಒಂದು ವಾರ ಇಬ್ಬರೂ ಕೂತು ಹಳೆಯ ಪತ್ರಿಕೆಗಳ ಅಂಕಪಟ್ಟಿಗಳನ್ನು ಹುಡುಕಿ ತೆಗೆದು, ಏಳು ವರ್ಷಗಳ ಸೆಪ್ಟೆಂಬರ್ ಒಂದನ್ನು ಮತ್ತೆ ಮೊದಲಿನಿಂದ ಎಣಿಸಿದರು. ಏಳೂ ಒಂಬತ್ತೇ. ಕೊನೆಯ ಒಂಬತ್ತು ಖಾತ್ರಿಯಾದಾಗ ಅವರ ಮುಖದಲ್ಲಿ ಸಂತೋಷವೇ ಇತ್ತೆಂದು ಊರ್ಮಿಳಾ ಹೇಳುತ್ತಾರೆ. ತಮ್ಮ ಸೋಲನ್ನು ಎಣಿಸುವಾಗಲೂ ಎಣಿಕೆ ತಾಳೆಯಾದರೆ ಖುಷಿಪಡುವ ಈ ಮನುಷ್ಯನನ್ನು ಕಟ್ಟಿಕೊಂಡು ಏನು ಮಾಡಲಿ ಎಂದು ಹೇಳುವಾಗ ಆಕೆಯ ದನಿಯಲ್ಲಿ ದೂರು ಇರಲಿಲ್ಲ. ಊಟದ ಮೇಜು ಖಾಲಿಯಾಯಿತು.

ಜನವರಿಯ ಆ ಶನಿವಾರ ನಾವು ನಾಲ್ವರೂ ಸಿಲ್ವರ್ ಲೈನ್ ರೈಲಿನಲ್ಲಿ ವಾಷಿಂಗ್ಟನ್ನಿಗೆ ಹೋದೆವು. ಲೈಬ್ರರಿಯ ಸಭಾಂಗಣದಲ್ಲಿ ನಲವತ್ತು ಜನ, ಬಹುತೇಕ ನರೆಗೂದಲಿನವರು, ತಲೆಯ ಮೇಲೆ ಬಗೆಬಗೆಯ ತಂಡಗಳ ಟೋಪಿ. ಹಿಂದಿನ ವರ್ಷವಷ್ಟೇ ನ್ಯೂಯಾರ್ಕಿನ ತಂಡವೊಂದು ದಾಖಲೆಯ ತೆರಿಗೆ ಕಟ್ಟಿಯೂ ಪ್ಲೇಆಫ್ ತಲುಪದೆ ಹೋಗಿದ್ದರಿಂದ, ತೆರಿಗೆಯ ಪರವಾಗಿ ಯಾರು ಏನು ಹೇಳಿದರೂ ಚಪ್ಪಾಳೆ ಹೊಡೆಯಲು ಎಲ್ಲರೂ ಸಿದ್ಧರಾಗಿದ್ದರು. ಅಧ್ಯಕ್ಷ ಹೆಸರು ಕರೆದ. ಕಂದು ಕೋಟು ವೇದಿಕೆಯ ಕಡೆ ನಡೆಯಿತು. ರಘುನಾಥರು ಬೋರ್ಡಿನ ಮೇಲೆ ಎರಡು ಅಂಕಿಗಳನ್ನು ಒಂದೊಂದು ಅಡಿ ಎತ್ತರಕ್ಕೆ ಬರೆದರು: ೬, ೯. ಇವು ನನ್ನ ಭಾಷೆಯ ಆರು ಮತ್ತು ಒಂಬತ್ತು, ನಾನು ಒಂದನ್ನು ಇನ್ನೊಂದೆಂದು ಓದಿದ್ದೇನೆ, ಆದ್ದರಿಂದ ನಿಮ್ಮ ಕೈಯಲ್ಲಿರುವ ಪಟ್ಟಿಯಲ್ಲಿ ನನ್ನ ಹೆಸರಿನ ಮೇಲಿರುವ ಸಾಲು ತಪ್ಪು ಎಂದು, ತಮ್ಮ ಹದವಾದ ಮೈಸೂರು ಇಂಗ್ಲಿಷಿನಲ್ಲಿ, ಹವಾಮಾನ ಹೇಳಿದಷ್ಟು ಸಹಜವಾಗಿ ಹೇಳಿದರು. ಪುರಾವೆಯೇನೆಂದು ನೀವು ಕೇಳಬಹುದು ಎಂದು ೧೯೭೧ರ ಆ ಮೊದಲ ಪುಟವನ್ನು ಪರದೆಯ ಮೇಲೆ ತೋರಿಸಿ ತಾರೀಖನ್ನು ಓದಿದರು. ತಾರೀಖು ಕೇಳಿದ್ದೇ ತಡ, ಮುಂದಿನ ಸಾಲಿನ ಮುದುಕರಿಂದ ಒಂದು ನರಳಿಕೆ ಎದ್ದಿತು. ಆ ಊರಿನ ಹಳಬರಿಗೆ ಅಂದಿನ ಅಂಕಿಯನ್ನು ಯಾರೂ ಅನುವಾದ ಮಾಡಿ ಹೇಳಬೇಕಾಗಿರಲಿಲ್ಲ.

ಆ ತಪ್ಪನ್ನು ಹಿಡಿದವಳು ಈಕೆ ಎಂದು ನೀಲಗಂಗಾಳನ್ನು ಎಬ್ಬಿಸಿ ನಿಲ್ಲಿಸಿದರು. ಅಂದು ಮೈದಾನದಲ್ಲಿ ತಾನೂ ಇದ್ದೆನೆಂದು ಹೇಳಿದ ಒಬ್ಬ ಮುದುಕಿ, ಆ ಸಾಲನ್ನು ನಿಮ್ಮ ಭಾಷೆಯಲ್ಲಿ ಓದಮ್ಮ ಎಂದು ಕೇಳಿದಳು. ಹುಬ್ಬಳ್ಳಿ ಬಸ್ ನಿಲ್ದಾಣದಲ್ಲಿ ನಂಬರು ಕೂಗಿ ಅಭ್ಯಾಸವಿದ್ದ ಗಂಟಲು ಅಂಜದೆ ಓದಿತು:

"ಒಂಬತ್ತು, ಸೊನ್ನೆ."

ಮುದುಕಿ ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡಳು. ರಘುನಾಥರ ಪಕ್ಕ ನಿಂತ ಆ ಹುಡುಗಿಯನ್ನು ನೋಡುತ್ತಿದ್ದಾಗ ನನ್ನ ಎದೆ ಹೆಮ್ಮೆಯಿಂದ ಉಬ್ಬಿತೆಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಅವಳು ನನ್ನ ಮಗಳಲ್ಲ, ಅವರು ನನ್ನ ಅಣ್ಣನಲ್ಲ, ಆದರೂ ಉಬ್ಬಿತು.

ಹಾಗಾದರೆ ಆ ತೆರಿಗೆ ಏತಕ್ಕೆ ಎಂದು ಯಾರೋ ಕೇಳಿದರು. ರಘುನಾಥರು ವಾಷಿಂಗ್ಟನ್ನಿಗೆ ಬರುವ ಹೆದ್ದಾರಿಯಲ್ಲಿ ಹಣ ಕಟ್ಟಿದವರಿಗೆಂದೇ ಬೇರೆಯಿರುವ ಟೋಲ್ ಲೇನಿನ ಉದಾಹರಣೆ ಕೊಟ್ಟರು. ಬೆಳಗಿನ ಹೊತ್ತು ಗಾಡಿಗಳು ಹೆಚ್ಚಿದಂತೆ ಟೋಲ್ ಏರುತ್ತ ಹೋಗುತ್ತದೆ. ಏರಿತೆಂದು ಹಣವಂತ ಹಿಂದೆ ಸರಿಯುವುದಿಲ್ಲ, ಕಟ್ಟಿ ಮುಂದೆ ಹೋಗುತ್ತಾನೆ. ಉಳಿದವರ ಲೇನು ಒಂದಂಗುಲವೂ ಅಗಲವಾಗುವುದಿಲ್ಲ. ತೆತ್ತು ದಾಟಬಹುದಾದ ಗೆರೆಯಿಂದ ಆಟ ಸಮವಾಗುತ್ತದೆಂದು ನಾನು ನಂಬಿದ್ದೆ, ನಂಬಬೇಕೆಂಬ ಆಸೆಯೂ ನನಗಿತ್ತು, ಯಾಕೆಂದರೆ ದುಡ್ಡಿಲ್ಲದ ಊರು ತಂಡ ಕಳೆದುಕೊಂಡದ್ದನ್ನು ನೋಡಿದವನು ನಾನು. ನನ್ನ ಕಣ್ಣು ಆರೆಂದು ಓದಿದ್ದು ಆ ಆಸೆಯಿಂದಲೂ ಇರಬಹುದು ಎಂದರು. ಕೆಡುಕಾಯಿತೆಂದೂ ನನ್ನ ಎಣಿಕೆ ಹೇಳುವುದಿಲ್ಲ, ಒಳಿತಾಯಿತೆಂದೂ ಹೇಳುವುದಿಲ್ಲ, ಅದು ಹೇಳದ್ದನ್ನು ನಾನು ಹೇಳಲಾರೆ ಎಂದು ಮುಗಿಸಿ ಪೆನ್ಸಿಲನ್ನು ಜೇಬಿಗೆ ಹಾಕಿಕೊಂಡರು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಎಷ್ಟು ಜನ ಎದ್ದರೆಂದು ಅವರು ಎಣಿಸಲಿಲ್ಲ. ಅವರ ಕಣ್ಣು ಊರ್ಮಿಳಾ ಅವರನ್ನು ಹುಡುಕುತ್ತಿತ್ತು.

ಹೊರಗೆ ಬಂದಾಗ ಬಿಸಿಲಿತ್ತು, ಚಳಿ ಕೊರೆಯುತ್ತಿತ್ತು. ಊರ್ಮಿಳಾ ಗಂಡನ ಕೋಟಿನ ಗುಂಡಿ ಹಾಕುತ್ತ, ತಾನು ಮೊದಲಿನಿಂದ ದಂಡ ಅಂತಲೇ ಹೇಳುತ್ತಿದ್ದೆನಲ್ಲ, ತೆರಿಗೆ ದಂಡವೇ ಆಯಿತಲ್ಲ ಎಂದು ಛೇಡಿಸಿದರು. ರಘುನಾಥರು ತಿದ್ದಲಿಲ್ಲ. ಆಕೆಯೇ ಸ್ವಲ್ಪ ತಡೆದು, "ಇದು ಮಾತ್ರ ದಂಡ ಆಗಲಿಲ್ಲ ಕಣ್ರೀ" ಎಂದರು. ಯಾವುದು ಎಂದು ಕೇಳುವ ಅಗತ್ಯ ಯಾರಿಗೂ ಬೀಳಲಿಲ್ಲ.

ಮೆಟ್ರೋ ಸ್ಟೇಷನ್ನಿಗೆ ಆರು ಬ್ಲಾಕ್ ದೂರ. ಮುಂದಿನ ಲೆಕ್ಕವನ್ನು ಹೇಗೆ ಮಾಡಬೇಕು, ಬಡ ಊರುಗಳ ತಂಡಗಳು ತೆರಿಗೆಯಿಲ್ಲದ ಕಾಲದಲ್ಲೂ ಆಸೆಯನ್ನು ಹೇಗೆ ಉಳಿಸಿಕೊಂಡವು, ಅದನ್ನು ಯಾವ ಪುಟದಿಂದ ಶುರುಮಾಡಬೇಕು, ಇನ್ನು ಮುಂದೆ ಪ್ರತಿ ಅಂಕಿಯನ್ನೂ ನೀಲಗಂಗಾ ಒಮ್ಮೆ ಓದಿಯೇ ಮುಂದೆ ಹೋಗಬೇಕು ಎಂದೆಲ್ಲ ರಘುನಾಥರು ಅವಳಿಗೆ ವಿವರಿಸುತ್ತಿದ್ದರು. ಮೂರನೆಯ ಬ್ಲಾಕ್ ದಾಟುವಾಗ ನನಗೆ ಗಮನಕ್ಕೆ ಬಂತು: ಅವರು ನಡೆಯುತ್ತಿದ್ದರು. ಮಾತಾಡುತ್ತಲೇ ನಡೆಯುತ್ತಿದ್ದರು, ಒಂದು ಸಲವೂ ನಿಲ್ಲದೆ. ಊರ್ಮಿಳಾ ನನ್ನ ಕಡೆ ನೋಡಿ, ಬಾಯಿಗೆ ಬೆರಳಿಟ್ಟು ಸನ್ನೆ ಮಾಡಿದರು. ಎತ್ತಿ ಆಡಿದರೆ ಎಲ್ಲಿ ನಿಂತುಬಿಡುತ್ತಾರೋ ಎಂದು ನಾವು ತೆಪ್ಪಗೆ ಹಿಂದೆ ನಡೆದೆವು.

ಈ ದೇಶಕ್ಕೆ ಮೊದಲು ಬಂದ ನಮ್ಮ ಪೀಳಿಗೆಯಲ್ಲಿ ದೊಡ್ಡ ವೈದ್ಯರಿದ್ದಾರೆ, ವಿಜ್ಞಾನಿಗಳಿದ್ದಾರೆ, ಅವರ ಹೆಸರಿನಲ್ಲಿ ಬಹುಮಾನಗಳೂ ಸಭಾಂಗಣಗಳೂ ಇವೆ. ಅವರ ಬಗ್ಗೆ ನಾವು ಹೆಮ್ಮೆಪಡುವುದು ಸುಲಭ. ಇನ್ನೊಂದು ಬಗೆಯವರು ಯಾವುದೋ ಕಚೇರಿಯ ಮೂರನೆಯ ಮಹಡಿಯಲ್ಲಿ ಕೂತು, ಹೆಸರಿಲ್ಲದ ವರದಿಗಳಿಗಾಗಿ ತಾವು ಕಲಿತ ಅಂಕಿಯಲ್ಲಿ ತಪ್ಪದೆ ಎಣಿಸಿದರು; ತಪ್ಪಿದ್ದು ತಿಳಿದ ದಿನ, ಬೇರೆ ಯಾರಿಗೂ ಓದಲು ಬಾರದ ತಪ್ಪನ್ನು ತಾವೇ ಓದಿ ಹೇಳಿದರು. ದೇಶ ನಡೆಯುವುದು, ಆಟ ನಡೆಯುವುದು, ಒಂದು ಮನೆ ನೆಟ್ಟಗಿರುವುದು ಇಂಥವರಿಂದ ಎಂದು ನನಗೆ ತೋರುತ್ತದೆ. ಅವರು ಬಹಳ ಜನ ಇದ್ದಾರೆಂದು ನಾನು ಹೇಳಲಾರೆ. ಐವತ್ತು ವರ್ಷದಲ್ಲಿ ನಾನು ಕಂಡವರು ಮೂವರು, ಈಗ ಈ ಹುಡುಗಿಯೂ ಸೇರಿ ನಾಲ್ವರು. ರಘುನಾಥರು ಕೇಳುವ ಮೊದಲೇ ಹೇಳಿಬಿಡುತ್ತೇನೆ: ಎಣಿಸಿದ್ದೇನೆ.